ನೀವೇ ನೋಡಿ ಕೊಡಿ

ಕಿಟಕಿಯ ಪರದೆಗೆ ಅಳತೆ ತೆಗೆಯಬೇಕಿತ್ತು. ಡ್ರಾಯರಿನಲ್ಲಿ ಕೈಯಾಡಿಸಿದಾಗ ಅಮ್ಮನ ಟೇಪು ಸಿಕ್ಕಿತು. ಒಂದು ಕಾಲಕ್ಕೆ ಹಳದಿ ಬಣ್ಣದ್ದು. ಈಗ ಹಾಗೆಂದು ನಂಬಿಸಲು ಸಾಕ್ಷಿ ಬೇಕು. ಅದರ ಮೊದಲ ಎರಡು ಇಂಚು ಇಲ್ಲ. ನಾನು ಹುಟ್ಟುವ ಮೊದಲೇ ಸವೆದು ಹರಿದುಹೋಗಿತ್ತಂತೆ. ಅದೇ ಟೇಪಿನಲ್ಲಿ ಅಮ್ಮ ತಿಪಟೂರಿನ ನಮ್ಮ ಬೀದಿಯ ಅರ್ಧದಷ್ಟು ಹೆಂಗಸರ ರವಿಕೆ ಹೊಲಿದಳು. ಟೇಪು ಮೂವತ್ತಾರು ಎಂದರೆ ಮೂವತ್ತನಾಲ್ಕು ಎಂದು ಬರೆದುಕೊಳ್ಳುತ್ತಿದ್ದಳು. ಹೊಸದು ತರೋಣ ಎಂದರೆ, "ಯಾಕೆ, ಎರಡು ಕಳೆಯೋದು ಬರಲ್ವಾ ನಿಂಗೆ?" ಎನ್ನುತ್ತಿದ್ದಳು.

ಬರುವುದಿಲ್ಲ ಎಂದು ಈಗ ಸಾಬೀತಾಗಿದೆ. ನಾನು ಪರದೆಗೆ ಅಳತೆ ತೆಗೆದು, ಎರಡು ಕಳೆಯಲು ಮರೆತು ಆರ್ಡರ್ ಮಾಡಿದೆ. ಸಿಂಗಪುರದ ಕ್ಲೆಮೆಂಟಿಯ ನಮ್ಮ ಫ್ಲ್ಯಾಟಿನಲ್ಲಿ ಪರದೆ ಈಗ ನೆಲದ ಮೇಲೆ ಎರಡಿಂಚು ಮಲಗಿದೆ. ಅದು ಮಲಗಲಿ. ಟೇಪು ನೋಡಿದಾಗ ನನಗೆ ನೆನಪಾದದ್ದು ಅಮ್ಮನ ಅಳತೆಯಲ್ಲ, ಅಮ್ಮನ ದರ.

ಅಮ್ಮನಿಗೆ ದರವೇ ಇರಲಿಲ್ಲ. ಹೊಲಿದ ರವಿಕೆ ಒಯ್ಯಲು ಬಂದವರು ಬಾಗಿಲಲ್ಲಿ ನಿಂತು "ಎಷ್ಟಾಯ್ತು?" ಎಂದರೆ, ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಅಯ್ಯೋ, ನಿಮ್ಮ ಹತ್ರ ಏನು ಕೇಳ್ಲಿ, ನೀವೇ ನೋಡಿ ಕೊಡಿ" ಎನ್ನುತ್ತಿದ್ದಳು. ಅವರು ನೋಡಿ ಕೊಡುತ್ತಿದ್ದರು. ಅಮ್ಮ ನೋಡದೆ ತೆಗೆದುಕೊಳ್ಳುತ್ತಿದ್ದಳು. ಆಮೇಲೆ ಅಡುಗೆಮನೆಗೆ ಬಂದು ನೋಡುತ್ತಿದ್ದಳು. ಸಂಜೆಯವರೆಗೆ ನಮಗೆ ಅದೇ ಊಟ, ಅದೇ ವ್ಯಂಜನ. "ಮೂರು ಹೊಲಿಗೆ ಬಿಚ್ಚಿಸಿ ಹಾಕಿಸ್ಕೊಂಡ್ಳು. ಕೊಟ್ಟಿದ್ದು ನೋಡು. ಕೈಲಿ ನಾಲ್ಕು ಬಳೆ, ಮನಸ್ಸು ಮಾತ್ರ ಬೋಳು." ಬಾಗಿಲಲ್ಲಿ ದಾಕ್ಷಿಣ್ಯ, ಅಡುಗೆಮನೆಯಲ್ಲಿ ವಿಮರ್ಶೆ. ನಾನು ಓದಿಗೆ ಕೂತ ಹಾಗೆ ಮಾಡಿ ಎರಡನ್ನೂ ಕೇಳಿಸಿಕೊಳ್ಳುತ್ತಿದ್ದೆ. ಮುಂದೆ ಪತ್ರಿಕೆ ಸೇರುವವಳಿಗೆ ಅದು ಒಳ್ಳೆಯ ತರಬೇತಿ.

ಪತ್ರಿಕೆ ಸೇರಿದೆ. ಹದಿನಾರು ವರ್ಷ ಡೆಸ್ಕಿನಲ್ಲಿ ಕೂತು ಇತರರ ಬರಹ ತಿದ್ದಿದೆ. ಅಲ್ಲಿ ನಾನು ಅತಿ ಹೆಚ್ಚು ಬರೆದ ಪದ 'ಎಷ್ಟು?'. 'ಅಪಾರ ಜನಸ್ತೋಮ' ಎಂದು ಬಂದರೆ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಎಷ್ಟು?'. 'ಭಾರೀ ನಷ್ಟ' ಎಂದರೆ 'ಎಷ್ಟು?'. ಅಂಕಿ ಇಲ್ಲದ ಸುದ್ದಿಯನ್ನು ವಾಪಸು ಕಳಿಸಿಯೇ ನಾನು ಕೆಲವು ವರದಿಗಾರರ ಮದುವೆಗೆ ಆಹ್ವಾನ ಕಳೆದುಕೊಂಡೆ. ಸಿಂಗಪುರಕ್ಕೆ ಬಂದ ಮೇಲೆ ಶಾಲಾಪುಸ್ತಕ ಮಾಡುವವರಲ್ಲಿ ಸಂಪಾದಕಿಯಾಗಿದ್ದೇನೆ. ಅಲ್ಲೂ ಅದೇ ಪದ, ಬೇರೆ ಭಾಷೆಯಲ್ಲಿ. ಇಷ್ಟನ್ನು ಮೊದಲೇ ಹೇಳಿದ್ದು ಯಾಕೆಂದರೆ, ಮುಂದಿನ ತಪ್ಪು ನನ್ನದು.

ನನ್ನ ಗಂಡ ಮುರಳಿಯ ಹುದ್ದೆ ಕಳೆದ ವರ್ಷ 'ಅನಗತ್ಯ'ವಾಯಿತು. ಅವನ ಆಫೀಸು ಬಳಸಿದ ಪದ ಅದು, ನಾನು ತಿದ್ದಿಲ್ಲ. ಮನೆಯಲ್ಲಿ ಕೂತ ಮುರಳಿ ಒಂದು ತಂತ್ರಾಂಶ ಬರೆದ. ಅದಕ್ಕೆ ಕಾರಣ ನಮ್ಮ ಮಗಳು ನಿಧಿಯ ಪಿಟೀಲು ಟೀಚರ್ ಮಿಸೆಸ್ ಟೇ. ಬಿಶಾನ್‌ನಲ್ಲಿ ಅವರ ಮನೆ. ಮೂವತ್ತು ಮಕ್ಕಳಿಗೆ ಪಾಠ. ಇಲ್ಲಿನ ಮಕ್ಕಳ ವಾರ ನಿಮಗೆ ಗೊತ್ತಲ್ಲ, ಒಬ್ಬನಿಗೆ ಪರೀಕ್ಷೆ, ಇನ್ನೊಬ್ಬಳಿಗೆ ಈಜು, ಮತ್ತೊಬ್ಬನಿಗೆ ಜ್ವರ. ತಪ್ಪಿದ ಪಾಠವನ್ನು ಬೇರೆ ದಿನ ಕೊಡಬೇಕು. ಒಂದು ಪಾಠ ಸರಿಸಿದರೆ ನಾಲ್ಕು ಅಲುಗುತ್ತವೆ. ಮಿಸೆಸ್ ಟೇ ಪ್ರತಿ ಮಂಗಳವಾರ ಸಂಜೆ ಪೂರ್ತಿ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬಿಳಿ ಶಾಯಿ ಬಳಿಯುತ್ತ, ಪೋಷಕರಿಗೆ ಫೋನ್ ಮಾಡುತ್ತ ಕೂರುತ್ತಿದ್ದರು. ನಿಧಿಯನ್ನು ಕರೆತರಲು ಹೋದ ಮುರಳಿ ಅದನ್ನು ನೋಡಿದ. ಯಾರ ಪಾಠ ತಪ್ಪಿದರೆ ಯಾರಿಗೆ ಎಲ್ಲಿ ಜಾಗ ಎಂದು ತಾನೇ ಹುಡುಕಿ, ಪೋಷಕರಿಗೆ ಸಂದೇಶ ಕಳಿಸಿ, ಒಪ್ಪಿಗೆ ಪಡೆಯುವ ತಂತ್ರಾಂಶ ಮಾಡಿದ. ಮಿಸೆಸ್ ಟೇ ಬಾಯಿಂದ ಬಾಯಿಗೆ ಹಬ್ಬಿಸಿದರು. ಒಂದು ವರ್ಷದಲ್ಲಿ ಹನ್ನೊಂದು ಜನ ಸಂಗೀತದ ಟೀಚರುಗಳು ಬಳಸತೊಡಗಿದರು. ಎಲ್ಲರಿಗೂ ಪುಕ್ಕಟೆ.

ಅಷ್ಟರಲ್ಲಿ ಒಂದು ಬ್ಯಾಂಕಿನಿಂದ ಮುರಳಿಗೆ ಕೆಲಸದ ಪತ್ರ ಬಂತು. ಶುಕ್ರವಾರ ಸಂಜೆಯೊಳಗೆ ಉತ್ತರ ಕೊಡಬೇಕು. ಸೇರಿದವರು ಸ್ವಂತದ ಬೇರೆ ಯಾವ ವ್ಯವಹಾರವನ್ನೂ ನಡೆಸುವಂತಿಲ್ಲ ಎಂಬ ಷರತ್ತು. ಅಂದರೆ ಬ್ಯಾಂಕು ಬೇಕಾದರೆ ತಂತ್ರಾಂಶ ಮುಚ್ಚಬೇಕು.

"ಹನ್ನೊಂದರಲ್ಲಿ ಆರು ಜನ ದುಡ್ಡು ಕೊಡ್ತೀವಿ ಅಂದ್ರೆ ಇದನ್ನೇ ನಡೆಸ್ತೀನಿ" ಎಂದ ಮುರಳಿ. "ಚೆನ್ನಾಗಿ ಗೊತ್ತಿರೋರೇ ಕೊಡದಿದ್ರೆ ಗೊತ್ತಿಲ್ಲದೋರು ಕೊಡ್ತಾರಾ? ಬಂದ್ ಮಾಡಿ ಬ್ಯಾಂಕಿಗೆ ಹೋಗ್ತೀನಿ."

ಮದುವೆಯಾದ ಇಪ್ಪತ್ತು ವರ್ಷದಲ್ಲಿ ನಾನು ಮುರಳಿ ತನ್ನ ಕೆಲಸದ ಬಗ್ಗೆ ಊಟದ ಹೊತ್ತಿನಲ್ಲಿ ಮಾತಾಡಿದ್ದು ಕೇಳಿರಲಿಲ್ಲ. ಆ ಒಂದು ವರ್ಷ ಮಾತಾಡಿದ್ದ. ಯಾವ ಟೀಚರ್ ಏನು ಬೈದರು, ಯಾರ ಮಂಗಳವಾರ ಖಾಲಿಯಾಯಿತು ಎಂದು. ಅದು ನಿಂತರೆ ಏನಾಗುತ್ತದೆ ಎಂಬುದು ನನಗೆ ಲೆಕ್ಕ ಹಾಕದೆ ತಿಳಿಯುತ್ತಿತ್ತು. ಮನೆ ನನ್ನ ಸಂಬಳದಲ್ಲಿ ಇನ್ನೊಂದು ವರ್ಷ ನಡೆದೀತು ಎಂದೆ.

ಶನಿವಾರ ಶ್ರೀಕಂಠ ಬಂದರು. ಮುರಳಿಯ ಹಳೆಯ ಸಹೋದ್ಯೋಗಿ, ಮೈಸೂರಿನವರು, ದೊಡ್ಡ ಕಂಪನಿಯೊಂದರಲ್ಲಿ ತಂತ್ರಾಂಶ ಮಾರುವ ವಿಭಾಗದಲ್ಲಿದ್ದಾರೆ. ನಮ್ಮ ಊಟದ ಮೇಜಿನ ಮೇಲೆ ಒಂದು ಹಾಳೆ ಹರಡಿ ನಾಲ್ಕು ಚೌಕ ಬರೆದರು.

"ನೋಡು ಮುರಳಿ. ಒಂದೇ ಸಲ ದುಡ್ಡು ತಗೊಂಡು ಕೊಟ್ಬಿಡೋದು, ಒಂದು. ತಿಂಗಳು ತಿಂಗಳು ಬಾಡಿಗೆ ಥರ, ಎರಡು. ಸಣ್ಣದು ಫ್ರೀ, ದೊಡ್ಡದಕ್ಕೆ ಚಾರ್ಜ್, ಮೂರು. ಎಷ್ಟು ಸ್ಟೂಡೆಂಟೋ ಅಷ್ಟು ದುಡ್ಡು, ನಾಲ್ಕು. ಈಗ ಡಿಸ್ಟ್ರಿಬ್ಯೂಷನ್. ಆ್ಯಪ್ ಸ್ಟೋರಲ್ಲಿ ಹಾಕಿದ್ರೆ ಅವ್ರು ಪಾಲು ಹೊಡ್ಕೋತಾರೆ. ವೆಬ್‌ಸೈಟಲ್ಲಿ ಮಾರಿದ್ರೆ ಪೂರ್ತಿ ನಿಂದೇ. ಈಗ ಹೇಗೆ ಕೊಡ್ತಿದೀಯ?"

"ಮನೆಗೆ ಹೋಗಿ ಹಾಕ್ಕೊಟ್ಟು ಬರ್ತೀನಿ" ಎಂದ ಮುರಳಿ.

"ಹನ್ನೊಂದು ಮನೆಗೂ?"

"ಎಂಆರ್‌ಟಿ ರೈಲು ಇದೆಯಲ್ಲ. ಹೋದಾಗ ಪ್ರಿಂಟರ್, ವೈಫೈ ಏನಾದ್ರೂ ಕೆಟ್ಟಿದ್ರೆ ಅದನ್ನೂ ನೋಡ್ತೀನಿ."

ಶ್ರೀಕಂಠ ಪೆನ್ನು ಕೆಳಗಿಟ್ಟರು. "ಇದು ಡಿಸ್ಟ್ರಿಬ್ಯೂಷನ್ ಅಲ್ಲಪ್ಪ. ಮನೆಮನೆಗೆ ಹಾಲು ಹಾಕೋದು. ಮೇಲೆ ಕೊಸರು ಬೇರೆ."

ಅವರು ಕಂಪನಿಯ ಭಾಷೆಯಲ್ಲಿ ಹೇಳಿದ ನಾಲ್ಕು ಚೌಕಗಳನ್ನೂ ನಾನು ನನಗೆ ಹತ್ತು ವರ್ಷ ತುಂಬುವ ಮೊದಲೇ ತಿಪಟೂರಿನಲ್ಲಿ ನೋಡಿದ್ದೆ. ಮಾರುಕಟ್ಟೆ ರಸ್ತೆಯ ಬೆಲ್ಲದಂಗಡಿಯಲ್ಲಿ ಒಂದು ಚೂರು ರುಚಿಗೆ ಕೊಡುತ್ತಿದ್ದರು; ನಾನು ಮತ್ತು ನನ್ನ ತಮ್ಮ ಏನನ್ನೂ ಕೊಳ್ಳದೆ ಅಂಗಡಿಯಿಂದ ಅಂಗಡಿಗೆ ಹೋಗಿ ಸಾಕಷ್ಟು ಬೆಲ್ಲ ತಿಂದಿದ್ದೇವೆ. ಗ್ರಂಥಾಲಯ ಎಂದು ಬೋರ್ಡು ಹಾಕಿಕೊಂಡ ಗೂಡಂಗಡಿಯಲ್ಲಿ ವಾರಪತ್ರಿಕೆಗಳು ದಿನದ ಬಾಡಿಗೆಗೆ. ಧಾರಾವಾಹಿಯ ಪುಟವನ್ನು ಯಾರೋ ಮೊದಲೇ ಕತ್ತರಿಸಿಕೊಂಡಿರುತ್ತಿದ್ದರು. ಹಿಟ್ಟಿನ ಗಿರಣಿಯಲ್ಲಿ ಎಷ್ಟು ಸೇರೋ ಅಷ್ಟು ದುಡ್ಡು. ಅಮ್ಮನ ಹೊಲಿಗೆ ಯಂತ್ರ ಒಂದೇ ಸಲ ದುಡ್ಡು ಕೊಟ್ಟು ತಂದದ್ದು. ಆದರೂ ಮೂವತ್ತು ವರ್ಷ ರಿಪೇರಿಯವನು ಬಂದು ಕಾಫಿ ಕುಡಿದು ಹೋದ. ಹಳೆ ಸೀರೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಇದ್ದಳು. ಆ ಪದ್ಧತಿ ಶ್ರೀಕಂಠರ ಹಾಳೆಯಲ್ಲಿ ಇರಲಿಲ್ಲ. ಇನ್ನು ನಾನು ದುಡಿದ ಪತ್ರಿಕೋದ್ಯಮದ ಮಾತು ಬೇಡ. ಅಸಲಿಗಿಂತ ಕಡಿಮೆಗೆ ಬಿಡಿಯಾಗಿ ಮಾರಿ, ಓದುಗನು ಅದನ್ನು ತಿಂಗಳ ಕೊನೆಗೆ ತೂಕಕ್ಕೆ ಹಾಕುವುದನ್ನು ನೋಡಿಯೂ ಮರುದಿನ ಬೆಳಿಗ್ಗೆ ಮತ್ತೆ ಅಚ್ಚು ಹಾಕುವ ಧೈರ್ಯ ಬೇರೆ ಯಾವ ವ್ಯಾಪಾರಿಗೂ ಇಲ್ಲ.

ಕೊನೆಗೆ ಶ್ರೀಕಂಠ ತಿಂಗಳ ಬಾಡಿಗೆಯ ಚೌಕಕ್ಕೆ ಸುತ್ತು ಹಾಕಿ, "ಮೂವತ್ತು ಡಾಲರ್. ಒಂದು ಪಾಠದ ಫೀಸಿಗಿಂತ ಕಮ್ಮಿ. ಮೆಸೇಜ್ ಕಳಿಸು" ಎಂದು ಹೋದರು.

ಭಾನುವಾರ ಮುರಳಿ ಸಂದೇಶ ಬರೆಯಲು ಕೂತ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ 'ಪ್ರಿಯ ಟೀಚರ್' ಎಂಬಲ್ಲಿಯೇ ಇದ್ದ.

"ಮೂವತ್ತು ಅಂತ ಹೇಗೆ ಬರೆಯೋದು? ಮಿಸೆಸ್ ಟೇ ನಿಧಿಗೆ ಎಂಟು ವರ್ಷ ಹೇಳಿಕೊಟ್ಟಿದಾರೆ. ಪೈನಾಪಲ್ ಟಾರ್ಟ್ ಡಬ್ಬಿ ಕಳಿಸ್ತಾರೆ. ಅವ್ರ ಹತ್ರ ಮೂವತ್ತು ಡಾಲರ್ ಕೊಡಿ ಅಂತ ಕೇಳಕ್ಕಾಗತ್ತಾ? ನೀನು ಬರಿ. ಬರೆಯೋದು ನಿನ್ನ ಕೆಲಸ ಅಲ್ವಾ."

ನಾನು ಬರೆದೆ. 'ಈ ತಂತ್ರಾಂಶ ನಿಮಗೆ ಉಪಯೋಗವಾಗಿದ್ದರೆ, ನಿಮಗೆ ಸರಿ ಎನಿಸಿದಷ್ಟನ್ನು ಕೊಡಬಹುದು.' ಇಂಗ್ಲಿಷಿನಲ್ಲಿ ಇನ್ನೂ ನಯವಾಗಿತ್ತು. ಕೆಳಗೆ ಮೊತ್ತ ತುಂಬಲು ಒಂದು ಖಾಲಿ ಚೌಕ. ಮುರಳಿ ಓದಿ ತುಂಬ ಚೆನ್ನಾಗಿದೆ ಎಂದ. ನನಗೂ ಹಾಗೇ ಅನಿಸಿತು. ಹದಿನಾರು ವರ್ಷ 'ಎಷ್ಟು?' ಎಂದು ಬರೆದ ಕೈ, ಅಂಕಿಯೇ ಇಲ್ಲದ ಒಂದು ಪ್ರತಿಯನ್ನು ಅಂದು ಪಾಸು ಮಾಡಿತು. ಹನ್ನೊಂದು ಜನಕ್ಕೂ ಹೋಯಿತು.

ಸೋಮವಾರ ಉತ್ತರವಿಲ್ಲ. ಮಂಗಳವಾರವೂ ಇಲ್ಲ. ಬದಲಿಗೆ ಇಬ್ಬರು ಟೀಚರುಗಳು ಸದ್ದಿಲ್ಲದೆ ತಂತ್ರಾಂಶವನ್ನು ತೆಗೆದುಹಾಕಿದ್ದರು. ಮುರಳಿ ಬ್ಯಾಂಕಿಗೆ ಹಾಕಿಕೊಂಡು ಹೋಗುವ ಅಂಗಿಗಳನ್ನು ಹೊರಗೆ ತೆಗೆದು ಇಸ್ತ್ರಿ ಮಾಡತೊಡಗಿದ. ಅವನು ಬೇಸರವನ್ನು ಯಾವಾಗಲೂ ಹೀಗೆ ಉಪಯೋಗಕ್ಕೆ ಬರುವಂತೆ ಮಾಡುತ್ತಾನೆ.

ನಿಧಿಗೆ ಈಗ ಹದಿನೇಳು. ಹುಟ್ಟಿದ್ದು ತಿಪಟೂರಿನಲ್ಲಿ, ಬೆಳೆದದ್ದು ಇಲ್ಲಿ. ಅವಳು ಸಂದೇಶವನ್ನು ನನ್ನ ಫೋನಿನಲ್ಲಿ ಓದಿದಳು.

"ಅಮ್ಮ, ವೇರ್ ಈಸ್ ದ ಪ್ರೈಸ್?"

"ಅವರಿಗೆ ಬಿಟ್ಟಿದ್ದೀವಿ."

"ಇದು ಸೀಸನಲ್ ಪ್ರೈಸ್ ಲಾ. ಯಾರು ಕ್ಲಿಕ್ ಮಾಡ್ತಾರೆ?"

ಏಡಿ ತಿನ್ನದ ನಮಗೂ ಆ ಬೋರ್ಡು ಗೊತ್ತು. ಹಾಕರ್ ಸೆಂಟರಿನ ಊಟದ ಅಂಗಡಿಗಳಲ್ಲಿ ಅನ್ನಕ್ಕೆ, ನೂಡಲ್ಸಿಗೆ, ನಿಂಬೆ ಶರಬತ್ತಿಗೆ ಸೆಂಟಿನವರೆಗೆ ಬೆಲೆ ಬರೆದಿರುತ್ತದೆ. ಏಡಿಯ ಚಿತ್ರದ ಕೆಳಗೆ ಮಾತ್ರ 'ಸೀಸನಲ್ ಪ್ರೈಸ್', ಅಂದರೆ ಆ ಹೊತ್ತಿನ ದರ. ಅದನ್ನು ಓದಿದ ಯಾರೂ ಧೈರ್ಯವಾಗಿ ಕೇಳುವುದಿಲ್ಲ. ಕೇಳದೆ ತಿಂದವರು ಆ ಕಥೆಯನ್ನು ವರ್ಷಗಟ್ಟಲೆ ಹೇಳುತ್ತಾರೆ. ಈ ಊರಿನಲ್ಲಿ ಬೆಲೆ ಇಲ್ಲ ಎಂದರೆ ಔದಾರ್ಯ ಅಲ್ಲ, ಎಚ್ಚರಿಕೆ. ನಾವು ಹನ್ನೊಂದು ಜನಕ್ಕೆ ಏಡಿಯ ಚಿತ್ರ ಕಳಿಸಿದ್ದೆವು.

ಬುಧವಾರ ಮೂವರೂ ಬಿಶಾನ್‌ಗೆ ಹೊರಟೆವು. ಮುರಳಿ ಒಲ್ಲೆ ಎಂದ. ನಿಧಿ ಎಳೆದುಕೊಂಡು ಬಂದಳು. ಮಿಸೆಸ್ ಟೇ ಅರವತ್ತು ದಾಟಿದವರು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಾರೆ. ಅವರ ಬಾಗಿಲ ಒಳಗಡೆ, ಚಪ್ಪಲಿ ಬಿಡುವಾಗ ಕಣ್ಣಿಗೆ ಬೀಳುವಂತೆ, ಪ್ಲಾಸ್ಟಿಕ್ ಹೊದಿಸಿದ ಒಂದು ಹಾಳೆ: ಫೀಸು ಎಷ್ಟು, ಯಾವ ದಿನ ಕೊಡಬೇಕು, ಹಿಂದಿನ ದಿನ ಹೇಳದೆ ತಪ್ಪಿಸಿದರೆ ಬದಲಿ ಪಾಠ ಇಲ್ಲ. ಎಂಟು ವರ್ಷ ಅದರ ಮುಂದೆ ಚಪ್ಪಲಿ ಬಿಟ್ಟಿದ್ದೇನೆ. ತಿದ್ದಲು ಒಂದಕ್ಷರ ಇಲ್ಲದ ಪ್ರತಿ ಎಂದು ಅಂದು ಮೊದಲ ಸಲ ಗಮನಿಸಿದೆ.

ಅವರ ಇಂಗ್ಲಿಷನ್ನು ಕನ್ನಡಕ್ಕೆ ತಂದಿದ್ದೇನೆ. ಇಲ್ಲಿನವರು ಮಾತಿನ ಕೊನೆಗೆ ಸೇರಿಸುವ 'ಲಾ' ಒಂದನ್ನು ಹಾಗೇ ಬಿಟ್ಟಿದ್ದೇನೆ.

"ಮೆಸೇಜ್ ಮೂರು ಸಲ ಓದಿದೆ, ಮಿಸ್ಟರ್ ಮುರಳಿ. ಬೆಲೆ ಹುಡುಕಿದೆ, ಸಿಗಲಿಲ್ಲ. ಗಂಡನಿಗೆ ತೋರಿಸಿದೆ. ಮುಟ್ಟಬೇಡ ಲಾ, ಸ್ಕ್ಯಾಮ್ ಅಂದ."

"ಸ್ಕ್ಯಾಮ್ ಅಲ್ಲ, ನಾನೇ ಕಳಿಸಿದ್ದು."

"ಎಲ್ಲ ಸ್ಕ್ಯಾಮೂ ಹಾಗೇ ಹೇಳೋದು."

ಮುರಳಿ ನಕ್ಕ. ಅವರು ನಗಲಿಲ್ಲ.

"ಸರಿ ಎನಿಸಿದಷ್ಟು ಅಂದರೆ ಎಷ್ಟು? ನಾನು ಕಮ್ಮಿ ಕೊಟ್ಟರೆ ನಿಮಗೆ ಬೇಜಾರು. ಜಾಸ್ತಿ ಕೊಟ್ಟರೆ ನನಗೆ ಬೇಜಾರು. ಬೆಲೆ ಹೇಳೋದು ನಿಮ್ಮ ಕೆಲಸ. ಅದನ್ನು ನನ್ನ ಮೇಲೆ ಯಾಕೆ ಹಾಕುತ್ತೀರಿ? ನನಗೆ ಮೂವತ್ತು ಮಕ್ಕಳು ಸಾಕು."

ನಾನು ಪಕ್ಕಕ್ಕೆ ನೋಡಿದೆ. ನಮ್ಮ ಬಾಗಿಲಲ್ಲಿ ಚೀಲ ಹಿಡಿದು ನಿಂತ, ಕೈಯಲ್ಲಿ ನೋಟು ತೆಗೆದು ಮತ್ತೆ ಒಳಗಿಟ್ಟು ಇನ್ನೊಂದು ತೆಗೆಯುತ್ತಿದ್ದ ಬೀದಿಯ ಹೆಂಗಸರು ನೆನಪಾದರು. ಅಡುಗೆಮನೆಯ ವಿಮರ್ಶೆಯನ್ನಷ್ಟೇ ಕೇಳಿ ಬೆಳೆದ ನಾನು, ಅವರು ಮನೆಗೆ ಹೋಗಿ ಏನು ಹೇಳಿಕೊಂಡಿರಬಹುದು ಎಂದು ಯೋಚಿಸಿಯೇ ಇರಲಿಲ್ಲ. ಎರಡನೇ ಕಡೆಯವರ ಹೇಳಿಕೆ ಪಡೆಯದೆ ಬರೆದ ವರದಿ ಅದು.

"ಈಗ ಹೇಳಿ. ಎಷ್ಟು?" ಎಂದರು ಮಿಸೆಸ್ ಟೇ.

ಮುರಳಿ ನೆಲ ನೋಡಿದ. "ಅದು... ಮೂವತ್ತು ಅಂತ ಇತ್ತು, ಆದರೆ ನಿಮಗೆ ಇಪ್ಪತ್ತು ಮಾಡಬಹುದು, ಮೊದಲ ಆರು ತಿಂಗಳು ಬೇಕಾದರೆ..."

ಅವರು ಪಿಟೀಲಿನ ಕಮಾನಿನಿಂದ ಸ್ಟ್ಯಾಂಡಿಗೆ ಎರಡು ಸಲ ತಟ್ಟಿದರು. ಸೋಫಾದಲ್ಲಿದ್ದ ನಿಧಿ ಅಭ್ಯಾಸಬಲದಿಂದ ನೆಟ್ಟಗೆ ಕೂತಳು.

"ನಿಲ್ಲಿಸಿ. ಎದ್ದು ನಿಲ್ಲಿ. ಮೊದಲಿಂದ."

ಮುರಳಿ ಎದ್ದು ನಿಂತ. "ಮೂವತ್ತು ಡಾಲರ್, ಆದರೆ..."

"'ಆದರೆ' ಸ್ವರ ನೋಟೇಶನ್ನಿನಲ್ಲಿ ಇಲ್ಲ. ಸ್ವರ ಮುಗಿದ ಮೇಲೆ ಕಮಾನು ಎತ್ತಿಬಿಡಬೇಕು, ಎಳೆಯಬಾರದು. ಇನ್ನೊಂದು ಸಲ. ನೆಲ ನೋಡಬೇಡಿ."

"ತಿಂಗಳಿಗೆ ಮೂವತ್ತು ಡಾಲರ್."

"ಕೇಳಿಸಲಿಲ್ಲ. ಇನ್ನೊಂದು ಸಲ."

"ತಿಂಗಳಿಗೆ ಮೂವತ್ತು ಡಾಲರ್."

ಫ್ಯಾನು ತಿರುಗುತ್ತಿತ್ತು. ಕೆಳಗೆ ಕಟ್ಟಡದ ಬುಡದ ತೆರೆದ ಜಾಗದಲ್ಲಿ ಮಕ್ಕಳು ಚೆಂಡು ಒದೆಯುವ ಸದ್ದು.

"ದುಬಾರಿ ಲಾ" ಎಂದರು ಮಿಸೆಸ್ ಟೇ.

ಮುರಳಿ ಬಾಯಿ ತೆರೆದ. ನಿಧಿ ಅವನ ಕಾಲು ತುಳಿದಳು. ಅವನು ಬಾಯಿ ಮುಚ್ಚಿದ.

"ಆದರೆ ನನ್ನ ಮಂಗಳವಾರ ನನಗೆ ವಾಪಸು ಬಂದಿದೆ. ಸರಿ." ಅವರು ಫೋನು ತೆಗೆದು ಅಲ್ಲೇ ಕೊಟ್ಟರು. "ಅಂದಹಾಗೆ, ಪ್ರಿಂಟರ್ ಮತ್ತೆ ಕೆಟ್ಟಿದೆ. ಅದಕ್ಕೆಷ್ಟು?"

"ಫ್ರೀ" ಎಂದ ಮುರಳಿ, ತಲೆ ಎತ್ತಿ, ಸ್ಪಷ್ಟವಾಗಿ.

"ನೋಡಿ, ಅದನ್ನು ಎಷ್ಟು ಚೆನ್ನಾಗಿ ಹೇಳುತ್ತೀರಿ."

ಮನೆಗೆ ಬರುವ ರೈಲಿನಲ್ಲಿ ನನಗೆ ತಿಪಟೂರಿನ ಒಂದು ಸಂಜೆ ನೆನಪಾಯಿತು. ಬೇರೆ ಊರಿಂದ ವರ್ಗವಾಗಿ ಬಂದಿದ್ದ ಅಂಚೆ ಅಧಿಕಾರಿಯ ಹೆಂಡತಿ ಎರಡು ರವಿಕೆ ಹೊಲಿಸಿದ್ದರು. ಅಮ್ಮ ಎಂದಿನಂತೆ "ನೀವೇ ನೋಡಿ ಕೊಡಿ" ಎಂದಳು. ಅವರು ಹೊಸ್ತಿಲ ಮೇಲೆ ಕೂತೇಬಿಟ್ಟರು. "ನೀವು ಹೇಳೋ ತನಕ ನಾನು ಏಳಲ್ಲ." ಅಮ್ಮ ಒಂದು ಮೊತ್ತ ಹೇಳಿದಳು, ಎಷ್ಟು ಮೆಲ್ಲಗೆಂದರೆ ಅವರು ಮತ್ತೊಮ್ಮೆ ಕೇಳಬೇಕಾಯಿತು. ಎಣಿಸಿ ಕೊಟ್ಟು, ಹೊಲಿಗೆ ಚೆನ್ನಾಗಿದೆ ಎಂದು ಹೋದರು. ಅಂದು ಅಡುಗೆಮನೆಯಲ್ಲಿ ವಿಮರ್ಶೆ ಇರಲಿಲ್ಲ. ಅಮ್ಮ ಸುಮ್ಮನೆ ಅಕ್ಕಿ ತೊಳೆಯುತ್ತಿದ್ದಳು. ಹುಷಾರಿಲ್ಲವೇನೋ ಎಂದು ನಾನು ಹತ್ತಿರ ಹೋದೆ. "ಅಷ್ಟು ಸುಲಭ ಇತ್ತಾ?" ಎಂದಳು, ನನಗಲ್ಲ, ಅಕ್ಕಿಗೆ.

ಮರುದಿನ ಪಕ್ಕದ ಮನೆಯವರು ಬಂದರು. "ಅಯ್ಯೋ, ನಿಮ್ಮ ಹತ್ರ ಏನು ಕೇಳ್ಲಿ" ಎಂದಳು ಅಮ್ಮ.

ಗುರುವಾರದ ವರದಿ ಹೀಗಿದೆ. ಮುರಳಿ ಉಳಿದ ಹತ್ತು ಜನಕ್ಕೂ ಫೋನ್ ಮಾಡಿದ, ಪ್ರತಿ ಸಲವೂ ಎದ್ದು ನಿಂತು. ಮೂವರು ಒಪ್ಪಿದರು. ತೆಗೆದುಹಾಕಿದ್ದ ಇಬ್ಬರಲ್ಲಿ ಒಬ್ಬರು, "ಓ, ಬೆಲೆ ಇದೆಯಾ? ಹಾಗಾದರೆ ಸರಿ" ಎಂದು ವಾಪಸು ಬಂದರು. ಐವರು ಬೇಡವೆಂದರು, ಅದರಲ್ಲಿ ಒಬ್ಬರು ಪ್ರಿಂಟರ್ ಸೇವೆ ಮುಂದುವರಿಯುವುದೇ ಎಂದು ವಿಚಾರಿಸಿದರು. ಮಿಸೆಸ್ ಟೇ ಸೇರಿ ಐದು ಆಯಿತು. ಆರನೆಯವರು ಪಾಸಿರ್ ರಿಸ್‌ನ ಪಿಯಾನೋ ಟೀಚರ್. ಫೋನ್ ಎತ್ತಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾನು ರಜೆ ಹಾಕಿ ಮುರಳಿಯ ಜೊತೆ ಹೊರಟೆ. ಪಾಸಿರ್ ರಿಸ್ ನಮ್ಮ ರೈಲು ಮಾರ್ಗದ ಪೂರ್ವದ ಕೊನೆ. ಕ್ಲೆಮೆಂಟಿಯಿಂದ ಹೊರಟರೆ ಒಂದು ನಿದ್ದೆ ಮುಗಿಸಬಹುದು. ಮುರಳಿ ನಿದ್ದೆ ಮಾಡಲಿಲ್ಲ. ಎದುರಿನ ಗಾಜಿನಲ್ಲಿ ತನ್ನನ್ನೇ ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಎರಡು ನಿಲ್ದಾಣ ನೋಡಿ, ಎದ್ದು ದೂರದ ಸೀಟಿಗೆ ಹೋದರು.

ಪಿಯಾನೋ ಟೀಚರ್ ಬಾಗಿಲು ಅರ್ಧ ತೆರೆದರು. ಒಳಗೆ ಪಾಠ ನಡೆಯುತ್ತಿತ್ತು.

"ಎಷ್ಟು?" ಎಂದರು.

"ತಿಂಗಳಿಗೆ ಮೂವತ್ತು ಡಾಲರ್."

ಅವರು ಅವನನ್ನು ನೋಡಿದರು. ಅವನು ಅವರನ್ನು ನೋಡಿದ. ಒಳಗಿನ ಮಗು ಒಂದೇ ಸ್ವರವನ್ನು ನಾಲ್ಕು ಸಲ ತಪ್ಪಾಗಿ ಬಾರಿಸಿತು. ಮುರಳಿ 'ಆದರೆ' ಎನ್ನಲಿಲ್ಲ.

"ಓಕೆ" ಎಂದು ಅವರು ಬಾಗಿಲು ಹಾಕಿಕೊಂಡರು.

ಬ್ಯಾಂಕಿಗೆ ಒಲ್ಲೆ ಎಂಬ ಪತ್ರವನ್ನು ಮುರಳಿ ಹಿಂತಿರುಗುವ ರೈಲಿನಲ್ಲೇ ಬರೆದ. ನಾನು ಅದರಿಂದ ಮೂರು 'ಕ್ಷಮಿಸಿ' ತೆಗೆದು ಎರಡು ಸಾಲಿಗೆ ಇಳಿಸಿದೆ. ಆರು ಮೂವತ್ತಲ ಎಷ್ಟು ಎಂಬುದು ನಿಮಗೂ ಗೊತ್ತು, ನಮಗೂ ಗೊತ್ತು. ಅದರಲ್ಲಿ ಮನೆ ನಡೆಯುವುದಿಲ್ಲ. ಇಸ್ತ್ರಿಯಾದ ಅಂಗಿಗಳು ಮಾತ್ರ ಕಪಾಟಿಗೆ ವಾಪಸು ಹೋದವು.

ಆ ಸಂಜೆ ಶ್ರೀಕಂಠರ ಫೋನು. ಮುರಳಿಯನ್ನು ಅಭಿನಂದಿಸಿ, ತಮ್ಮ ಚೌಕಗಳನ್ನು ತಾವೇ ಹೊಗಳಿಕೊಂಡು, ಆಮೇಲೆ ನನ್ನನ್ನು ಕೇಳಿದರು.

"ವೀಣಾ, ನಮ್ಮ ತಂದೆಯವರ ಎಂಬತ್ತನೇ ವರ್ಷಕ್ಕೆ ಒಂದು ಸಣ್ಣ ಪುಸ್ತಕ ಮಾಡಿಸ್ತಿದೀವಿ. ಅವ್ರು ಬರೆದಿಟ್ಟಿರೋ ನೆನಪುಗಳು, ನಲವತ್ತು ಪೇಜು. ನೀವು ಎಡಿಟ್ ಮಾಡಿಕೊಡ್ತೀರಾ? ಎಷ್ಟಾಗತ್ತೆ ಹೇಳಿ, ಸಂಕೋಚ ಬೇಡ."

ನಾನು ಸೆರಗು ಹಾಕಿಕೊಳ್ಳುವವಳಲ್ಲ. ಆದರೂ ಕೈ ಏನನ್ನೋ ಒರೆಸಿಕೊಳ್ಳಲು ಹುಡುಕಿತು.

"ಅಯ್ಯೋ, ನಿಮ್ಮ ಹತ್ರ ಏನು ಕೇಳ್ಲಿ ಶ್ರೀಕಂಠ. ನೀವೇ ನೋಡಿ..."

ಮುರಳಿ ಚಮಚದಿಂದ ಮೇಜಿಗೆ ಎರಡು ಸಲ ತಟ್ಟಿದ.

"ಎದ್ದು ನಿಲ್ಲು ಅಮ್ಮ" ಎಂದಳು ನಿಧಿ. "ಫ್ರಮ್ ದ ಬಿಗಿನಿಂಗ್. ನೆಲ ನೋಡಬೇಡ."